ಸಹಿ ಪೀಪಾಯಿ

ಜನವರಿ ೧೯

ಪುಟ್ಟಿ,

ನನ್ನ ಕೈಬರಹ ಕಂಡ ಕೂಡಲೇ ಕಾಗದ ಹರಿದು ಬಿಸಾಡುವವಳು ನೀನು. ಅದಕ್ಕೇ ಲಕೋಟೆಯ ಮೇಲಿನ ವಿಳಾಸವನ್ನು ಆಫೀಸಿನ ಗುಮಾಸ್ತನ ಕೈಯಲ್ಲಿ ಬರೆಸಿದೆ. ಇಲ್ಲಿಯವರೆಗೆ ಓದಿದ್ದೀಯ ಎಂದಮೇಲೆ ಉಳಿದದ್ದನ್ನೂ ಓದು.

ನನಗೆ ವಾಸನೆ ಹೋಗಿದೆ. ಪೂರ್ತಿ ಹೋಗಿದೆ. ಚಳಿಗಾಲದ ಶುರುವಿನಲ್ಲಿ ಜ್ವರ ಬಂದು ಮಲಗಿದ್ದೆ. ಎದ್ದು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದೆ. ಪಕ್ಕದ ಮನೆಯಾಕೆ ಬಾಗಿಲು ಬಡಿದು, "ಏನ್ರೀ, ಮನೆ ಸುಟ್ಕೊಳ್ತೀರಾ?" ಅಂದಳು. ಪಾತ್ರೆ ಕರಿ ಹಿಡಿದಿತ್ತು, ಹೊಗೆ ಸೂರು ಮುಟ್ಟಿತ್ತು, ನನ್ನ ಮೂಗಿಗೆ ಏನೂ ತಿಳಿದಿರಲಿಲ್ಲ. ಬೇರೆ ಊರಿನ ಡಾಕ್ಟರಿಗೆ ಸುಳ್ಳು ಹೆಸರು ಹೇಳಿ ತೋರಿಸಿದೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅಂದ. ಇಷ್ಟು ಹೇಳಲು ಅವನು ಓದಬೇಕಾಗಿರಲಿಲ್ಲ.

ವಿಸ್ಕಿ ಭಟ್ಟಿಯಲ್ಲಿ ಯಾರಿಗೂ ಗೊತ್ತಿಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು, ಇದಕ್ಕೆ ಇನ್ನೊಂದು ಬೇಸಿಗೆ ಬೇಕು ಅನ್ನುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಇಷ್ಟು ವರ್ಷ ಮೂಗು ಇಟ್ಟುಕೊಂಡು ಸುಮ್ಮನೆ ಕಷ್ಟಪಟ್ಟೆನೇನೋ ಅನ್ನಿಸುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಈ ವರ್ಷ ನನ್ನ ನಿವೃತ್ತಿ. ಮಾಲೀಕರು ನನ್ನ ಹೆಸರಿನಲ್ಲಿ ಒಂದು ಲಿಮಿಟೆಡ್ ಎಡಿಶನ್ ಬರ್ಬನ್ ವಿಸ್ಕಿ ತರುತ್ತಿದ್ದಾರೆ. ಒಂದೇ ಪೀಪಾಯಿ, ಹದಿನಾಲ್ಕು ವರ್ಷ ಅದರಲ್ಲಿ ಕೂತು, ಗಾಳಿ ತನ್ನ ಪಾಲು ಕುಡಿದು ಉಳಿಸಿದಷ್ಟೇ ಬಾಟಲಿ. ಪ್ರತಿಯೊಂದಕ್ಕೂ ನಂಬರು, ಕುತ್ತಿಗೆಗೆ ಕೆಂಪು ಮೇಣ, ಮರದ ಪೆಟ್ಟಿಗೆ, ಲೇಬಲ್ಲಿನ ಮೇಲೆ ನನ್ನ ಕೈಸಹಿ. ಇಲ್ಲಿಯ ಪದ್ಧತಿ ನಿನಗೆ ನೆನಪಿರಬೇಕು: ಸಹಿ ಪೀಪಾಯಿಗೆ ಎರಡನೇ ಮೂಗು ಇಲ್ಲ. ಆರಿಸುವವನೇ ಸಹಿ ಹಾಕಬೇಕು, ಬಿಡುಗಡೆಯ ದಿನ ಮೊದಲ ಲೋಟ ಸುರಿಯುವ ತನಕ ಬೇರೆ ಯಾರೂ ಅದನ್ನು ಬಾಯಿಗೆ ಹಾಕುವಂತಿಲ್ಲ. ಈ ನಿಯಮ ಮಾಡಿದವನು ನಾನೇ. ಆಗ ಮೂಗಿತ್ತು.

ಬಣ್ಣ ನೋಡಿ, ನಾಲಿಗೆಯ ಸಿಹಿ ನೋಡಿ, ಗಂಟಲಿನ ಉರಿ ನೋಡಿ ಎರಡು ಪೀಪಾಯಿಗೆ ಇಳಿಸಿದ್ದೇನೆ. ಅಲ್ಲಿಂದ ಮುಂದೆ ನಾನು ಕುರುಡ. ನಿನ್ನ ತಮ್ಮ ನನ್ನ ಕೈಕೆಳಗೇ ಇದ್ದಾನೆ, ಆದರೆ ಅವನನ್ನು ಕೇಳಿದರೆ ನಾಳೆಯೇ ನನ್ನ ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಾನೆ. ಮೂಗು ಸತ್ತವನು ಅನ್ನಿಸಿಕೊಂಡು ಈ ಗೇಟಿನಿಂದ ಹೊರಗೆ ಹೋಗಲಾರೆ. ಒಂದು ಒಳ್ಳೆಯ ಬಾಟಲಿಗೆ ಸಹಿ ಹಾಕಿ ಹೋಗಬೇಕು, ಅಷ್ಟೇ.

ಚಿಕ್ಕಂದಿನಲ್ಲಿ ನಿನಗೂ ಸ್ವಲ್ಪ ಮೂಗಿತ್ತು. ಹೇಳಿಕೊಳ್ಳುವಂಥದ್ದಲ್ಲ, ಆದರೆ ಇತ್ತು. ಎರಡೂ ಮಾದರಿ ಕಳಿಸುತ್ತೇನೆ. ಉತ್ತರ ಬರಿ.

ನಿನ್ನ ಅಪ್ಪ


ಫೆಬ್ರವರಿ ೨

ಅಪ್ಪನಿಗೆ,

ಕಾಗದ ಹರಿಯಲಿಲ್ಲ. ಎರಡು ಸಲ ಓದಿದೆ. ಮೊದಲ ಸಲ ನಗು ಬಂತು. ಎರಡನೇ ಸಲ ಇನ್ನೂ ಜಾಸ್ತಿ ಬಂತು.

ಅಮ್ಮ ಸತ್ತದ್ದನ್ನು ಪೋಸ್ಟ್‌ಕಾರ್ಡಿನಲ್ಲಿ ತಿಳಿಸಿದ್ದಿರಿ, ಅದೂ ಎಲ್ಲ ಮುಗಿದ ಮೇಲೆ. ಮೂಗು ಸತ್ತದ್ದಕ್ಕೆ ಇಷ್ಟುದ್ದ ಕಾಗದ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮೂಗಿಗಿಂತ ಭಾರವಾದದ್ದು ಯಾವುದೂ ಇರಲಿಲ್ಲ. ಇನ್ನು 'ಪುಟ್ಟಿ' ಅಂದಿದ್ದೀರಿ. ಚಪ್ಪಲಿ ಎಲ್ಲಿಟ್ಟಿರಿ ಅಂತ ನೀವು ಮರೆತಾಗ ಮಾತ್ರ ನಾನು ಪುಟ್ಟಿ ಆಗುತ್ತಿದ್ದೆ.

ನಾನು ಏನು ಮಾಡಿಕೊಂಡಿದ್ದೇನೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಗರದ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ನೀರು ಮೂಸುವುದು ನನ್ನ ಕೆಲಸ. ಬೆಚ್ಚಗೆ ಮಾಡಿದ ನೀರಿನ ಶೀಷೆಗಳನ್ನು ಬೆಳಗಿನಿಂದ ಸಾಲಾಗಿ ಇಡುತ್ತಾರೆ. ಪಾಚಿ, ತುಕ್ಕು, ಕ್ಲೋರಿನ್, ಒಮ್ಮೊಮ್ಮೆ ಸತ್ತ ಇಲಿ. ಯಾವ ವಾಸನೆಯೂ ಇಲ್ಲದಿದ್ದರೆ ಅದೇ ಒಳ್ಳೆಯ ನೀರು. ಏನೂ ಇಲ್ಲ ಅಂತ ಬರೆದು ಕೊಡುತ್ತೇನೆ. ನಿಮಗೂ ಈಗ ಇಲ್ಲಿ ಕೆಲಸ ಸಿಗಬಹುದು.

ಸ್ವಲ್ಪ ಮೂಗಿತ್ತು ಅಂದಿರಲ್ಲ, ಆ ದಿನ ನೆನಪಿದೆಯೇ? ಮಹಡಿಯ ಮೇಲಿನ ರುಚಿಕೋಣೆ, ಕಿಟಕಿಯ ಪಕ್ಕ ಮಾಲೀಕರು ಸಾಲಾಗಿ ಕೂತಿದ್ದರು. ನಿಮ್ಮ ಕೈಕೆಳಗಿನ ಕುರ್ಚಿ ಖಾಲಿಯಾಗಿತ್ತು. ಅದಕ್ಕೆ ನಾನೂ ತಮ್ಮನೂ ಇಬ್ಬರೇ ಅರ್ಜಿ ಹಾಕಿದ್ದೆವು. ಪ್ರತಿ ಸುತ್ತಿಗೂ ಎರಡು ಲೋಟ. ಒಂದು ಉಗ್ರಾಣದ ಮೇಲಿನ ಅಂತಸ್ತಿನದು, ಇನ್ನೊಂದು ಕೆಳಗಿನದು. ಯಾವುದು ಎಲ್ಲಿಯದು ಅಂತ ಹೇಳಬೇಕು. ಲೋಟ ಜೋಡಿಸಿದವರು ನೀವು, ಅದರ ಅಡಿಯ ಚೀಟಿ ಓದಿದವರೂ ನೀವು. ಪ್ರತಿ ಸುತ್ತಿನಲ್ಲೂ ನಾನು ತಪ್ಪು ಅಂದಿರಿ. ಕಣ್ಣು ಮುಚ್ಚಿ ಹೇಳಿದರೂ ಅರ್ಧವಾದರೂ ಸರಿಯಾಗುತ್ತದೆ, ಅಪ್ಪ. ಎಲ್ಲವೂ ತಪ್ಪಾಗಬೇಕಾದರೆ ಎಲ್ಲವೂ ಸರಿಯಾಗಿರಬೇಕು.

ಈ ಲೆಕ್ಕ ನನಗೆ ಹೊಳೆದದ್ದು ತುಂಬ ತಡವಾಗಿ. ನಿನಗೆ ಅವತ್ತು ನೆಗಡಿ ಇತ್ತೇನೋ ಅಂತ ಅಮ್ಮ ಸಾಯುವ ತನಕ ಹೇಳಿದಳು. ನಾನೂ ಹಾಗೇ ನಂಬಿದೆ. ಎಷ್ಟೋ ಕಾಲ ಹಾಲು ಕೆಟ್ಟಿದೆಯೋ ಇಲ್ಲವೋ ಅಂತ ಪಕ್ಕದ ಮನೆಯವರ ಹತ್ತಿರ ಮೂಸಿಸಿ ಕುಡಿದಿದ್ದೇನೆ. ಇವತ್ತಿಗೂ ನನ್ನ ಲೆಕ್ಕ ಸರಿಯೋ ಸುಳ್ಳೋ ಅಂತ ಖಚಿತವಿಲ್ಲ. ಅದನ್ನು ಹೇಳಬಲ್ಲವರು ಭೂಮಿಯ ಮೇಲೆ ನೀವೊಬ್ಬರೇ.

ಆದ್ದರಿಂದ ನಿಮ್ಮ ಕೆಲಸ ಮಾಡಿಕೊಡುತ್ತೇನೆ. ನನಗೆ ಒಂದೇ ಸಾಲು ಬರೆದು ಕಳಿಸಿ: ಆ ದಿನ ಲೋಟಗಳನ್ನು ಅದಲುಬದಲು ಮಾಡಿದ್ದು ನಾನು. ಕೆಳಗೆ ಸಹಿ. ಸಹಿ ಹಾಕುವುದು ನಿಮಗೆ ಅಭ್ಯಾಸವೇ.

ಮಗಳು


ಫೆಬ್ರವರಿ ೧೧

ಮಗಳಿಗೆ,

ಹಳೆಯ ಹುಣ್ಣನ್ನು ಕೆರೆದುಕೊಂಡೇ ಬದುಕುವವರಿರುತ್ತಾರೆ. ನೀರಿನ ಕೆಲಸಕ್ಕೆ ಸೇರಿದ್ದೀಯ ಎಂದು ಓದಿ ಸಮಾಧಾನವಾಯಿತು. ಯೋಗ್ಯತೆಗೆ ತಕ್ಕ ಕೆಲಸ ಸಿಗುವುದು ಎಲ್ಲರ ಹಣೆಯಲ್ಲೂ ಇರುವುದಿಲ್ಲ.

ಕಾಗದದ ಜತೆ ಚಿಕ್ಕ ಪೆಟ್ಟಿಗೆಯಿದೆ. ಒಳಗೆ ಹತ್ತಿಯಲ್ಲಿ ಸುತ್ತಿದ ಎರಡು ಶೀಷೆ. ಒಂದರ ಕುತ್ತಿಗೆಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ. ಎರಡೂ ಒಂದೇ ವಾರ ಪೀಪಾಯಿಗೆ ಸುರಿದ ಮಾಲು. ಅದೇ ಮೆಕ್ಕೆಜೋಳ, ಅದೇ ನೀರು, ಒಳಗೆ ಕರಕಲಾಗುವ ಹಾಗೆ ಸುಟ್ಟ ಅದೇ ಹೊಸ ಓಕ್ ಮರ. ಆದರೂ ಒಂದು ಹಾಗೆ, ಒಂದು ಹೀಗೆ ಆಗುತ್ತದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಂತೆ ಅನ್ನೋಣ ಅಂದರೆ ಅದಕ್ಕೂ ಕಾಗದ ಬರೆದು ಜಗಳ ಮಾಡುತ್ತೀಯ.

ಯಾವುದು ಯೋಗ್ಯ ಅಂತ ಬರಿ, ಜತೆಗೆ ಅದರ ಗುಣವನ್ನೂ ಬರಿ. ಲೇಬಲ್ಲಿನ ಮೇಲೆ ಗುಣ ಅಚ್ಚಾಗಬೇಕು, ಬಿಡುಗಡೆಯ ದಿನ ನಾನು ಅದನ್ನು ಬಾಯಲ್ಲಿ ಹೇಳಬೇಕು. ನೀರು ಮೂಸಿದ ಹಾಗೆ ಏನೂ ಇಲ್ಲ ಅಂತ ಬರೆಯಬೇಡ.

ನಿನ್ನ ಆ ಸಾಲಿನ ಬಗ್ಗೆ: ನಡೆಯದ್ದನ್ನು ಬರೆಯುವ ಅಭ್ಯಾಸ ನನಗಿಲ್ಲ.

ಅಪ್ಪ


ಫೆಬ್ರವರಿ ೨೦

ಅಪ್ಪನಿಗೆ,

ಪೆಟ್ಟಿಗೆ ಬಂತು. ಬಿಚ್ಚಿಲ್ಲ. ಮೇಜಿನ ಮೇಲೆ, ಬಾಚಣಿಗೆಯ ಪಕ್ಕದಲ್ಲಿದೆ. ನನ್ನ ಕೋಣೆ ಟೈರು ಅಂಗಡಿಯ ಮೇಲಿದೆ. ನೀವು ಆರಿಸಲಾರದ ಹದಿನಾಲ್ಕು ವರ್ಷ ಈಗ ರಬ್ಬರಿನ ವಾಸನೆಯಲ್ಲಿ ಕೂತಿದೆ.

ಸಾಲು ಬರಲಿ, ಬಿಚ್ಚುತ್ತೇನೆ. ಬಿಡುಗಡೆ ಹತ್ತಿರ ಬರುತ್ತಿರುವುದು ನನಗಲ್ಲ.

ಮಗಳು


ಮಾರ್ಚ್ ೧

ಹಟಮಾರಿಗೆ,

ಬರೆಯುವುದಿಲ್ಲ. ಅಂಥದ್ದೇನೂ ನಡೆದಿಲ್ಲ. ಅವತ್ತು ನಿನಗೆ ನೆಗಡಿ ಇತ್ತು, ಕಣ್ಣು ಕೆಂಪಗಿತ್ತು, ಮಾಲೀಕರೆಲ್ಲ ನೋಡಿದ್ದಾರೆ. ಸೋತವರಿಗೆ ಅಂಗಳ ಯಾವಾಗಲೂ ಡೊಂಕೇ. ಹೆಣ್ಣುಮಗಳನ್ನು ಮುಂದೆ ತರಬೇಕೆಂದು ಅರ್ಜಿ ಹಾಕಿಸಿದವನೇ ನಾನು; ಅದಕ್ಕೆ ನನಗೆ ಸಿಕ್ಕ ಮರ್ಯಾದೆ ಇದು.

ನಿಮ್ಮಮ್ಮನನ್ನು ಮಧ್ಯೆ ಎಳೆದಿದ್ದೀಯ, ಆದ್ದರಿಂದ ಹೇಳುತ್ತೇನೆ. ಕೊನೆಯ ವಾರ ಅವಳ ಹಾಸಿಗೆಯ ಪಕ್ಕ ಕೂತಿದ್ದವನು ನಾನು. ನಿನ್ನ ತಮ್ಮನನ್ನು ಕೇಳಿದಳು, ನನ್ನನ್ನು ಕೇಳಿದಳು, ಕಿಟಕಿ ತೆಗೆಯಲು ಹೇಳಿದಳು. ನಿನ್ನ ಹೆಸರು ಒಂದು ಸಲವೂ ಬಾಯಿಗೆ ಬರಲಿಲ್ಲ. ಅದಕ್ಕೇ ಪೋಸ್ಟ್‌ಕಾರ್ಡು ಸಾಕೆನಿಸಿತು.

ತಮ್ಮ ಈಚೆಗೆ ನನ್ನನ್ನೇ ನೋಡುತ್ತಿರುತ್ತಾನೆ. ಮೊನ್ನೆ ಪಕ್ಕದಲ್ಲಿ ನಿಂತು, "ಅಪ್ಪ, ಏನೋ ಗ್ಯಾಸ್ ವಾಸನೆ ಬರ್ತಿದೆಯಲ್ಲ?" ಅಂದ. ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ ತಿಳಿಯದೆ ಕೆಮ್ಮಿದೆ. ಅವನು ನಕ್ಕು ಹೋದ.

ಹೇಳುವುದಾದರೆ ಹೇಳು. ಇಲ್ಲದಿದ್ದರೆ ಎರಡನ್ನೂ ನಿನ್ನ ಸಿಂಕಿಗೆ ಸುರಿ. ಕಾಸು ಚಿಮ್ಮಿ ಆರಿಸಿಕೊಳ್ಳುತ್ತೇನೆ. ಇದೇ ನನ್ನ ಕೊನೆಯ ಕಾಗದ.

ಅಪ್ಪ


ಮಾರ್ಚ್ ೧೪

ಅಪ್ಪನಿಗೆ,

ಅಮ್ಮನ ವಿಷಯ ಓದಿದ ಮೇಲೆ ಎರಡನ್ನೂ ಸಿಂಕಿಗೆ ಸುರಿಯಲು ಹೋದೆ. ನಿಮ್ಮ ಹಾಗೆ ಮನಸ್ಸಿಗೆ ಎಲ್ಲಿ ಚುಚ್ಚಿದರೆ ಆಳಕ್ಕೆ ಇಳಿಯುತ್ತದೆ ಎಂದು ತಿಳಿದವರನ್ನು ನಾನು ನೋಡಿಲ್ಲ. ಕೆಂಪು ದಾರದ್ದರ ಬಿರಡೆ ತೆಗೆದೆ. ಸುರಿಯಲು ಆಗಲಿಲ್ಲ.

ಬಿರಡೆ ತೆಗೆದ ಕೈ ಹಾಗೇ ನಿಂತಿತು. ಕೆಳಗಿನ ಟೈರು ಅಂಗಡಿಯೇ ಮಾಯವಾಯಿತು. ಮೊದಲು ಬಂದದ್ದು ಸಕ್ಕರೆ, ಇನ್ನೇನು ಸೀಯಬೇಕು ಅನ್ನುವಾಗ ಯಾರೋ ಒಲೆಯಿಂದ ಇಳಿಸಿದ ಸಕ್ಕರೆ. ಅದರ ಹಿಂದೆ ಹುರಿದ ಜೋಳ. ಆಮೇಲೆ ಕಿಟಕಿಯ ಮೇಲೆ ಒಣಗಿಸಿದ ಕಿತ್ತಳೆ ಸಿಪ್ಪೆ, ಹೊಸ ಚರ್ಮದ ಚೀಲ ಬಿಚ್ಚಿದಾಗಿನ ವಾಸನೆ. ಲೋಟಕ್ಕೆ ಬಗ್ಗಿಸಿ ಸ್ವಲ್ಪ ನೀರು ಬೆರೆಸಿದೆ. ನನ್ನದೇ ನೀರು, ಏನೂ ವಾಸನೆ ಇಲ್ಲದ್ದು ಅಂತ ನಾನೇ ಬರೆದು ಕೊಟ್ಟದ್ದು. ಆಗ ಕೆಳಗಿನಿಂದ ಇನ್ನೊಂದು ಎದ್ದು ಬಂತು: ಹಳೆಯ ಮರದ ಬೀರು, ಮಡಿಸಿಟ್ಟ ಬಟ್ಟೆ, ಕಾಗದ ಸುತ್ತಿದ ಸೋಪು. ಬಾಯಲ್ಲಿ ಮೊದಲು ಮೆತ್ತಗಿದೆ, ನಡುವೆ ಮೆಣಸಿನ ಹಾಗೆ ಏರುತ್ತದೆ, ಇಳಿದ ಮೇಲೂ ಎದೆಯಲ್ಲಿ ಬೆಚ್ಚಗೆ ಕೂತಿರುತ್ತದೆ. ಸುಟ್ಟ ಮರ ಇದೆ, ಆದರೆ ತಾನೇ ಯಜಮಾನ ಅನ್ನುವುದಿಲ್ಲ. ಹದಿನಾಲ್ಕು ಬೇಸಿಗೆ ಮರದೊಳಗೆ ಹೋಗಿ ಹದಿನಾಲ್ಕು ಚಳಿಗಾಲ ಹೊರಗೆ ಬಂದರೂ ಕಹಿಯಾಗಿಲ್ಲ. ನಮ್ಮ ಮನೆಯಲ್ಲಿ ಯಾರೂ ಮಾಡಲಾಗದ ಕೆಲಸ ಅದು.

ಬಿಳಿ ದಾರದ್ದು ಮೋಸ. ಮೂಗಿಗೆ ಹಿಡಿದ ಕೂಡಲೇ ಕೆಂಪಿನದಕ್ಕಿಂತ ಸಿಹಿ, ಕೆಂಪಿನದಕ್ಕಿಂತ ಒಯ್ಯಾರ. ಒಂದು ನಿಮಿಷ ತಡೆದರೆ ಬಣ್ಣ ಬಯಲಾಗುತ್ತದೆ: ನೆಲಮಾಳಿಗೆಯಲ್ಲಿ ನೆನೆದು ಬೂಷ್ಟು ಹಿಡಿದ ಗೋಣಿಚೀಲ. ಪೀಪಾಯಿಯ ಯಾವುದೋ ಒಂದು ಹಲಗೆ ಕೆಟ್ಟಿರಬೇಕು. ಬಾಯಲ್ಲಿ ಬೆಲ್ಲ, ಕರುಳು ಕತ್ತರಿ ಅಂತಾರಲ್ಲ, ಅದು. ಬೇರೆ ಪೀಪಾಯಿಗಳ ಜತೆ ಬೆರೆಸಿದರೆ ಮುಳುಗಿಹೋಗುತ್ತದೆ. ಒಂಟಿಯಾಗಿ ಬಾಟಲಿಗೆ ಹಾಕಿದರೆ ಕುಡಿದವರೆಲ್ಲರಿಗೂ ತಿಳಿಯುತ್ತದೆ.

ಕೆಂಪು ದಾರದ್ದನ್ನು ಆರಿಸಿ.

ನಿಮ್ಮ ಸಾಲು ಬೇಡ. ನೀವು ಬರೆಯುವುದಿಲ್ಲ, ನಾನು ಕೇಳುವುದನ್ನು ಬಿಡುತ್ತೇನೆ. ಮೂರು ಸಂಜೆ ಈ ಶೀಷೆಗಳ ಮುಂದೆ ಕೂತಿದ್ದೆ. ನಿಮ್ಮ ಮೇಲಿನ ಕೋಪ ಅಷ್ಟು ಹೊತ್ತು ನೆನಪೇ ಆಗಲಿಲ್ಲ. ಆಮೇಲೆ ನೆನಪಾಗಿ ನಾಚಿಕೆಯಾಯಿತು. ನಾನು ಸಂತೋಷವಾಗಿದ್ದೆ, ಅಪ್ಪ. ಇಂಥ ಪೀಪಾಯಿ ಮತ್ತೆ ಹುಟ್ಟುವುದಿಲ್ಲ. ನಮ್ಮಿಬ್ಬರ ಜಗಳದಲ್ಲಿ ಅದು ಹಾಳಾಗಬಾರದು ಅನ್ನುವುದಷ್ಟೇ ನನ್ನ ಆಸೆ.

ಮಗಳು


ಮಾರ್ಚ್ ೨೨

ಮಗಳಿಗೆ,

ಕಾಗದ ಬಂತು. ಗುಣ ಚೆನ್ನಾಗಿ ಬರೆದಿದ್ದೀಯ. ಬೀರು, ಸೋಪು ಬಿಟ್ಟು ಉಳಿದದ್ದನ್ನು ಲೇಬಲ್ಲಿಗೆ ಕೊಟ್ಟೆ. ಸೋಪಿನ ವಾಸನೆಗೆ ಯಾರೂ ದುಡ್ಡು ಕೊಡುವುದಿಲ್ಲ.

ಆರಿಸಿದ್ದಾಯಿತು. ಬಾಟಲಿ ತುಂಬುವುದು ಮುಂದಿನ ವಾರ. ಬಿಡುಗಡೆಗೆ ನೀನು ಬರುವ ಅಗತ್ಯವಿಲ್ಲ. ಬಂದರೆ ಜನ ಏನಾದರೂ ಕೇಳುತ್ತಾರೆ.

ಅಪ್ಪ


ಜೂನ್ ೮

ಅಕ್ಕ,

ನಾನು ಕಾಗದ ಬರೆಯುತ್ತಿರುವುದು ನೋಡಿ ನಿನಗೆ ಆಶ್ಚರ್ಯವಾಗಬಹುದು. ಸಂತೋಷದ ಸುದ್ದಿಯಾಗಿದ್ದರೆ ಬರೆಯುತ್ತಿರಲಿಲ್ಲ ಅಂತ ಇಟ್ಟುಕೋ. ನೀನು ಯಾವುದನ್ನು ಸಂತೋಷ ಅನ್ನುತ್ತೀಯೋ ನನಗೆ ಗೊತ್ತಿಲ್ಲ.

ಹೋದ ವಾರ ಅಪ್ಪನ ಸಹಿ ಪೀಪಾಯಿಯ ಬಿಡುಗಡೆಯಾಯಿತು. ದೊಡ್ಡ ಸಭಾಂಗಣದಲ್ಲಿ ಬಿಳಿ ಮೇಜುಬಟ್ಟೆ, ಪತ್ರಿಕೆಯವರು, ಮುಂಗಡ ಕೊಟ್ಟು ಬಾಟಲಿ ಕಾದಿರಿಸಿದ್ದವರು, ಮುಂದಿನ ಸಾಲಿನಲ್ಲಿ ಮಾಲೀಕರ ಕಡೆಯ ದೊಡ್ಡ ಯಜಮಾನಿ. ಅಪ್ಪ ಹೊಸ ಕೋಟು ಹಾಕಿದ್ದರು. ಲೋಟ ಎತ್ತಿ ಕಣ್ಣು ಮುಚ್ಚಿ ಮಾತಾಡಿದರು. ಇಳಿಸಿದ ಸಕ್ಕರೆ, ಹುರಿದ ಜೋಳ, ಕಿತ್ತಳೆ ಸಿಪ್ಪೆ, ಚರ್ಮದ ಚೀಲ. ಅವರು ಹಾಗೆ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಒಂದು ಗಳಿಗೆ ನನ್ನ ಕಣ್ಣೂ ತೇವವಾಯಿತು, ನಂಬಿದರೆ ನಂಬು.

ಆಮೇಲೆ ಎಲ್ಲರೂ ಕುಡಿದರು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಪತ್ರಿಕೆಯವನೊಬ್ಬ ಕರವಸ್ತ್ರದೊಳಗೆ ಕೆಮ್ಮಿದ. ದೊಡ್ಡ ಯಜಮಾನಿ ಲೋಟ ಕೆಳಗಿಟ್ಟು ಮೆಲ್ಲಗೆ, "ಇದರಲ್ಲಿ ನೆನೆದ ಗೋಣಿಚೀಲ ಇದೆಯಲ್ಲ," ಅಂದರು. ಅಪ್ಪ ನಕ್ಕರು. ಹಳೆಯ ಮರದ ಗುಣವೇ ಹಾಗೆ, ಮೂಗು ಪಳಗಬೇಕು ಅಂದರು. ಆಕೆಗೆ ಮೂಗು ಪಳಗಬೇಕಂತೆ, ಅಕ್ಕ. ಆಕೆಯ ಅಪ್ಪನೇ ಭಟ್ಟಿ ಕಟ್ಟಿದವರು.

ನನಗೆ ಚಳಿಗಾಲದಿಂದಲೇ ಅನುಮಾನವಿತ್ತು. ಬಾಟಲಿ ತುಂಬುವಾಗ ಆ ಬೂಷ್ಟು ನನಗೂ ಬಡಿಯಿತು. ಸುಮ್ಮನಿದ್ದೆ. ಸಹಿ ಪೀಪಾಯಿಗೆ ಎರಡನೇ ಮೂಗು ಇಲ್ಲವಲ್ಲ, ನಿಯಮ ಅವರದೇ. ಅವತ್ತು ನನ್ನ ಹತ್ತಿರ ಇನ್ನೊಂದು ಲೋಟ ಸಿದ್ಧವಿತ್ತು. ನೆಲ ಒರೆಸುವ ವಿನೆಗರಿಗೆ ಸುಟ್ಟ ಸಕ್ಕರೆಯಿಂದ ಬಣ್ಣ ಕಟ್ಟಿದ್ದೆ. ಎಲ್ಲರ ಮುಂದೆ ಅವರ ಕೈಗೆ ಕೊಟ್ಟು, "ಅಪ್ಪ, ಆ ಲೋಟಕ್ಕೆ ಏನೋ ಬಿದ್ದಿರಬೇಕು. ಇದು ಹೊಸ ಬಾಟಲಿಯದು, ಇದನ್ನ ಮೂಸಿ ಹೇಳಿ," ಅಂದೆ.

ಅವರು ಮೂಸಿದರು. ದೀರ್ಘವಾಗಿ ಉಸಿರು ಎಳೆದುಕೊಂಡರು. ಇಳಿಸಿದ ಸಕ್ಕರೆ, ಹುರಿದ ಜೋಳ, ಕಿತ್ತಳೆ ಸಿಪ್ಪೆ ಅಂತ ಶುರು ಮಾಡಿದರು. ಮುಂದಿನ ಸಾಲಿನ ತನಕ ವಿನೆಗರ್ ಘಾಟು ಹೊಡೆಯುತ್ತಿತ್ತು. ಯಾರೋ ಹಿಂದೆ ಕಿಸಕ್ಕೆಂದರು. ಅವರು ಚರ್ಮದ ಚೀಲದ ತನಕ ಪೂರ್ತಿ ಹೇಳಿ ಮುಗಿಸಿ, ಕಣ್ಣು ತೆರೆದು, ಎಲ್ಲರ ಮುಖ ನೋಡಿದರು. ನಾನು ಬೇಕಂತಲೇ ಅವಮಾನ ಮಾಡಿದೆ ಅಂತ ಊರವರೆಲ್ಲ ಹೇಳುತ್ತಿದ್ದಾರೆ. ಖಚಿತಪಡಿಸಿಕೊಳ್ಳಬೇಕಿತ್ತು, ಅಷ್ಟೇ.

ಬಾಟಲಿಗಳನ್ನೆಲ್ಲ ವಾಪಸು ತರಿಸಿದ್ದಾರೆ, ಅಪ್ಪನ ಹೆಸರನ್ನು ಗೋಡೆಯ ಹಲಗೆಯಿಂದ ಕಿತ್ತಿದ್ದಾರೆ. ಕುರ್ಚಿ ಈಗ ನನ್ನದು. ಎರಡನೇ ಪೀಪಾಯಿಯಾದರೂ ನೋಡೋಣ ಅಂತ ಹುಡುಕಿದೆ. ಮೇ ತಿಂಗಳಿನಲ್ಲೇ ಅಪ್ಪ ಅದನ್ನು ಸಾದಾ ಮಾಲಿನ ತೊಟ್ಟಿಗೆ ಸುರಿಸಿಬಿಟ್ಟಿದ್ದಾರೆ, ಯಾರೂ ಹೋಲಿಸಿ ನೋಡಬಾರದು ಅಂತ. ಅದರಲ್ಲಿ ಏನಿತ್ತೋ ದೇವರೇ ಬಲ್ಲ.

ಅಪ್ಪ ಈಗ ನಮ್ಮ ಗ್ಯಾರೇಜಿನ ಮೇಲಿನ ಕೋಣೆಯಲ್ಲಿದ್ದಾರೆ. ಇಂಗು ಹಾಕಿದ್ದೀಯೋ ಇಲ್ಲವೋ ಅಂತ ನನ್ನ ಹೆಂಡತಿಯ ಹತ್ತಿರ ದಿನಾ ಜಗಳ. ನೀನು ಕರೆದುಕೊಂಡು ಹೋಗುತ್ತೀಯಾ? ನಿನಗೆ ಹೇಗೂ ಒಂಟಿ ಜೀವನ.

ನಿನ್ನ ತಮ್ಮ


ಜೂನ್ ೨೦

ಮಗಳಿಗೆ,

ತಮ್ಮ ನಿನಗೆ ಬರೆದಿದ್ದಾನೆ ಅಂತ ಗೊತ್ತು. ಬಣ್ಣ ಕಟ್ಟಿಯೇ ಬರೆದಿರುತ್ತಾನೆ. ವಿನೆಗರಿಗೂ ಬಣ್ಣ ಕಟ್ಟಿದವನು.

ನಾನು ಬೇರೆ ಏನೂ ಕೇಳುವುದಿಲ್ಲ. ನಿನ್ನ ಮನೆಗೆ ಬರುತ್ತೇನೆ ಅನ್ನುವುದಿಲ್ಲ. ಒಂದು ವಿಷಯ ಮಾತ್ರ ನನ್ನನ್ನು ಮಲಗಲು ಬಿಡುತ್ತಿಲ್ಲ.

ನೀನು ಕೆಂಪು ಅಂದೆ. ನಾನು ಬಿಳಿಯದನ್ನು ತುಂಬಿಸಿದೆ. ಯಾಕೆಂದರೆ ನೀನು ಬೆಲೆ ಕೇಳುವುದನ್ನು ಬಿಟ್ಟೆ. ಒಂದು ಸಾಲಿಗಾಗಿ ವಾರಗಟ್ಟಲೆ ಕುತ್ತಿಗೆ ಹಿಡಿದವಳು ಒಂದು ದಿನ ಇದ್ದಕ್ಕಿದ್ದಂತೆ ಸಂತೋಷ ಅಂತಾಳೆ, ಆಸೆ ಅಂತಾಳೆ, ಪುಕ್ಕಟೆ ಕೊಡ್ತಾಳೆ. ಪುಕ್ಕಟೆ ಬಂದದ್ದನ್ನು ನಂಬಿ ನಾನು ಈ ವಯಸ್ಸಿಗೆ ಬಂದವನಲ್ಲ. ಗುಣ ನಿಜವಾಗಿ ಬರೆದಿದ್ದಾಳೆ, ಆದರೆ ದಾರ ಅದಲುಬದಲು ಮಾಡಿದ್ದಾಳೆ ಅನ್ನಿಸಿತು. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಅದಕ್ಕೇ ಕೆಂಪಿಗೆ ಬರೆದ ಗುಣವನ್ನು ಬಿಳಿಯದಕ್ಕೆ ಹಚ್ಚಿದೆ. ಎಲ್ಲರ ಮುಂದೆ ಅದನ್ನೇ ಹೇಳಿದೆ.

ಈಗ ದಿನವಿಡೀ ಈ ಕೋಣೆಯಲ್ಲಿ ಒಂದೇ ಪ್ರಶ್ನೆ. ನಾನು ಹಾಗೇ ಯೋಚಿಸುತ್ತೇನೆ ಅಂತ ನಿನಗೆ ಮೊದಲೇ ಗೊತ್ತಿತ್ತೇ? ನಂಬುವುದಿಲ್ಲ ಅಂತ ತಿಳಿದೇ ನಿಜ ಬರೆದೆಯಾ? ಹಾಗಿದ್ದರೆ ನೀನು ನನ್ನ ಮಗಳು, ಒಪ್ಪಿಕೊಂಡು ಸುಮ್ಮನಾಗುತ್ತೇನೆ. ನನ್ನನ್ನು ಸೋಲಿಸಿದವಳು ನನಗಿಂತ ಚುರುಕು ಅಂತಾದರೂ ಸಮಾಧಾನವಿರುತ್ತದೆ. ಹಾಗಲ್ಲದಿದ್ದರೆ ನಾನೇನು ಮಾಡಿಕೊಂಡೆ ಅನ್ನುವುದನ್ನು ನೆನೆಯಲೂ ಆಗುವುದಿಲ್ಲ.

ಹೌದು ಅಥವಾ ಇಲ್ಲ. ಒಂದು ಮಾತು ಬರಿ.

ಅಪ್ಪ


ಜುಲೈ ೩

ಅಪ್ಪನಿಗೆ,

ನಿಮ್ಮ ಕಾಗದ ಓದಿ ಮೊದಲು ಮಾಡಿದ ಕೆಲಸ ಹೇಳುತ್ತೇನೆ. ಅಂಗಡಿಗೆ ಹೋಗಿ ನಿಮ್ಮ ಭಟ್ಟಿಯ ಸಾದಾ ಬಾಟಲಿ ಕೊಂಡು ತಂದೆ, ಮೇ ತಿಂಗಳದ್ದು. ಸಂಜೆಯೆಲ್ಲ ಹುಡುಕಿದೆ. ಸಕ್ಕರೆ ಇದೆ, ಮರ ಇದೆ, ಎಲ್ಲರಿಗೂ ಸಿಗುವಷ್ಟು ಇದೆ. ಅದು ಮಾತ್ರ ಇಲ್ಲ. ಒಂದು ತೊಟ್ಟಿಗೆ ಒಂದು ಪೀಪಾಯಿ ಸುರಿದರೆ ಏನು ಉಳಿಯುತ್ತದೆ? ಈಗ ಅದರ ಗುಣ ಇರುವುದು ನಿಮಗೆ ಬರೆದ ಕಾಗದದಲ್ಲಿ, ನನ್ನ ತಲೆಯಲ್ಲಿ. ನನ್ನ ಶೀಷೆಯೂ ಖಾಲಿಯಾಯಿತು. ಅದಕ್ಕಾಗಿ ಅತ್ತೆ. ನಿಮಗಾಗಿ ಅಳು ಬರಲಿಲ್ಲ.

ಆಮೇಲೆ ನಿಮ್ಮ ಕಾಗದವನ್ನು ಮತ್ತೊಮ್ಮೆ ಓದಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈ ಸಲ ಯಾರೂ ಅನ್ನಲೂ ಇಲ್ಲ. ಎರಡು ಶೀಷೆ ಕೈಗೆ ಕೊಟ್ಟರೆ ಸೇಡಿನ ಮನಸ್ಸು ಹೆಸರು ಅದಲುಬದಲು ಮಾಡುತ್ತದೆ ಅಂತ ನಿಮಗೆ ಎಲ್ಲಿಂದ ಹೊಳೆಯಿತು, ಅಪ್ಪ? ನನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು ಅಂದಿರಿ. ನನಗೆ ಹೊಳೆದಿರಲೇ ಇಲ್ಲ. ನೀರಿಗೆ ಪಾಚಿ ವಾಸನೆ ಇದ್ದರೆ ಪಾಚಿ ಅಂತ ಬರೆಯುವವಳು ನಾನು. ಆ ಲೆಕ್ಕದಲ್ಲಿ ನಾನು ಕೇಳಿದ ಸಾಲು ನನಗೆ ಸಿಕ್ಕಿತು. ಅವತ್ತು ನ‌ನಗೆ ನೆಗಡಿ ಇರಲಿಲ್ಲ. ಇಷ್ಟು ವರ್ಷ ನನ್ನ ಮೂಗು ನನ್ನದೇ ಆಗಿತ್ತು, ನಾನೇ ಅದನ್ನು ಪರರ ಮನೆಯ ಮೂಗಿನ ಹಾಗೆ ಅನುಮಾನದಿಂದ ನೋಡಿದೆ. ಈ ಅನುಮಾನವನ್ನು ಇನ್ನು ನೀವು ಇಟ್ಟುಕೊಳ್ಳಿ.

ತಮ್ಮನಿಗೂ ಬರೆದಿದ್ದೇನೆ. ನನ್ನ ಕೋಣೆಯಲ್ಲಿ ಇಬ್ಬರಿಗೆ ಜಾಗವಿಲ್ಲ. ನಿಜ ಹೇಳಬೇಕೆಂದರೆ ಜಾಗವಿದೆ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಒಂದು ಮಾತು. ಹೌದು ಅಂತ ಬರೆದರೆ, ಸೇಡಿಗೆ ಹೇಳುತ್ತಿದ್ದಾಳೆ, ಪಾಪ ಅವಳಿಗೆ ಗೊತ್ತಿರಲಿಲ್ಲ ಅಂದುಕೊಳ್ಳುತ್ತೀರಿ. ಇಲ್ಲ ಅಂತ ಬರೆದರೆ, ಕೊನೆಗೂ ಒಪ್ಪಿಕೊಳ್ಳಲಿಲ್ಲ ಕಳ್ಳಿ ಅಂದುಕೊಳ್ಳುತ್ತೀರಿ. ನಾನು ಏನು ಬರೆದರೂ ಅದರ ಆಚೆಯದನ್ನೇ ಆರಿಸಿಕೊಳ್ಳುತ್ತೀರಿ. ಒಂದು ರಾತ್ರಿ ಹೌದು ಎಂದು ಮಲಗಿ ಇನ್ನೊಂದು ರಾತ್ರಿ ಇಲ್ಲ ಎಂದು ಏಳುತ್ತೀರಿ. ಅದನ್ನು ತಪ್ಪಿಸುವುದು ನನ್ನ ಕೈಯಲ್ಲಿಲ್ಲ, ಇದ್ದರೂ ತಪ್ಪಿಸುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಇಲ್ಲ, ನನಗೆ ಗೊತ್ತಿರಲಿಲ್ಲ. ನೀವು ಕೆಂಪನ್ನೇ ಆರಿಸುತ್ತೀರಿ ಅಂದುಕೊಂಡಿದ್ದೆ. ಬಿಡುಗಡೆಯ ದಿನ ರಜೆ ಹಾಕಿ, ಇಷ್ಟು ಹೊತ್ತಿಗೆ ಅಪ್ಪ ಲೋಟ ಎತ್ತಿರುತ್ತಾರೆ ಅಂತ ಕಿಟಕಿಯ ಹತ್ತಿರ ಕೂತಿದ್ದೆ.

ಮಗಳು